ಕಂಪ್ಯೂಟರಿಗೆ ನೀರು ಕಟ್ಟಿದ್ದು

ಹುಣಸೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಬೆಳಗ್ಗೆ ಶಟರ್ ಎತ್ತಿದರೆ ಸಾಕು, ಅದೇ ಒಳಗೆ ಬಂದು ಸ್ಟೂಲ್ ಎಳೆದುಕೊಂಡು ಕೂರುತ್ತದೆ. ಪ್ರಿಂಟರಿನೊಳಗೆ ಹಲ್ಲಿ ಮೊಟ್ಟೆಯಿಟ್ಟದ್ದು, ಮೌಸ್ ಕೆಟ್ಟಿದೆಯೆಂದು ಜೇಬಿನಿಂದ ಟಿವಿ ರಿಮೋಟ್ ತೆಗೆದವರು, ಇವೆಲ್ಲ ನನಗೆ ದಿನದ ತಿಂಡಿ ಇದ್ದಂತೆ. ಆದರೆ ಬೆಟ್ಟದಪುರದ ಒಂದು ಮನೆಯಲ್ಲಿ ಕಂಪ್ಯೂಟರಿಗೆ ನೀರು ಕಟ್ಟಲು ಹೋಗಿ ನಾನು ಪಟ್ಟ ಪಾಡೇ ಬೇರೆ. ಅದನ್ನು ನೆನೆಸಿಕೊಂಡರೆ ನಗು ಬರುತ್ತದೆ, ಆ ಮನೆಯವರ ಮೇಲೆ ಪ್ರೀತಿಯೂ ಬರುತ್ತದೆ.

ಬ್ಯಾರನ್ ಪಕ್ಕದ ರೂಮು

ಒಂದು ಮಧ್ಯಾಹ್ನ ಒಬ್ಬ ಹೆಣ್ಣುಮಗಳು ಹಳೇ ಸೀರೆಯಲ್ಲಿ ಸುತ್ತಿದ ಸಿಪಿಯು ತಬ್ಬಿಕೊಂಡು ಬಸ್ಸಿಳಿದು ಅಂಗಡಿಗೆ ಬಂದರು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಸ್ಟುಡಿಯೋದವರು ತೆಗೆದ ಮದುವೆ ವಿಡಿಯೋಗಳನ್ನು ಮನೆಯಲ್ಲೇ ಕೂತು ಎಡಿಟ್ ಮಾಡುವವರು ಅವರು. ನಾವೆಲ್ಲ ಕರೆಯುತ್ತಿದ್ದದ್ದು ಎಡಿಟಿಂಗ್ ಮೇಡಂ ಅಂತ.

"ಸರ್, ತಾಳಿ ಕಟ್ಟೋ ಹೊತ್ಗೆ ಸರ್ಯಾಗಿ ಆಫ್ ಆಯ್ತದೆ," ಅಂದರು. "ಮೂರು ಮದುವೆಲೂ ಅಂಗೇ ಆಯ್ತು. ಒಂದ್ರಲ್ಲೂ ಮೂರನೇ ಗಂಟು ಬಿದ್ದಿಲ್ಲ."

ಮೇಡಂಗೆ ಈ ಸಲ ಅವಸರವಿತ್ತು. ಇಷ್ಟು ವರ್ಷ ದುಡಿದದ್ದು ಇವರು, ವಿಡಿಯೋದ ಕೊನೆಯಲ್ಲಿ ಬರುತ್ತಿದ್ದದ್ದು ಸ್ಟುಡಿಯೋದವರ ಹೆಸರು. ಈಗ ಮೊದಲ ಸಲ ಹಂಪಾಪುರದ ಒಂದು ಮನೆಯವರು ಶೂಟಿಂಗಿನಿಂದ ಎಡಿಟಿಂಗಿನವರೆಗೆ ಪೂರ್ತಿ ಕೆಲಸವನ್ನು ನೇರವಾಗಿ ಇವರಿಗೇ ಒಪ್ಪಿಸಿದ್ದರು. ಮದುವೆಗೆ ಇನ್ನು ಮೂರು ವಾರ. ಮದುವೆಯಾದ ಐದನೇ ದಿನ, ಬುಧವಾರ, ಗಂಡಿನ ಮನೆಯಲ್ಲಿ ಬೀಗರೂಟ. ಅಲ್ಲಿ ದೊಡ್ಡ ಪರದೆಯ ಮೇಲೆ ವಿಡಿಯೋ ತೋರಿಸಬೇಕು. "ಕೊನೇಲಿ ನನ್ನ ಹೆಸರು ಬತ್ತದೆ ಸರ್. ನಾಲ್ಕು ಜನ ನೋಡ್ಬೇಕು," ಅಂದರು.

ಮರುದಿನ ಬೆಟ್ಟದಪುರದ ಅವರ ಮನೆಗೆ ಹೋದೆ. ರೋಗ ಕಂಪ್ಯೂಟರಿನದಲ್ಲ, ಗೋಡೆಯದು. ಎಡಿಟಿಂಗ್ ರೂಮು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಅಂಟಿಕೊಂಡೇ ಇತ್ತು. ಬೇಯಿಸುವ ಕಾಲ ಬೇರೆ. ಗೋಡೆಗೆ ಕೈಯಿಟ್ಟವನು ತಟ್ಟನೆ ತೆಗೆದೆ. ಉಳಿದ ರೂಮುಗಳಲ್ಲೆಲ್ಲ ಸೊಪ್ಪು ತುಂಬಿಕೊಂಡಿತ್ತು, ಮನೆಯವರೇ ಜಗುಲಿಯಲ್ಲಿ ಮಲಗುತ್ತಿದ್ದರು. ಇಂಥ ರೂಮಿನಲ್ಲಿ ಎಷ್ಟು ಫ್ಯಾನ್ ಹಾಕಿದರೂ ಅದು ಬಿಸಿಗಾಳಿಯನ್ನೇ ಬೀಸುತ್ತದೆ. ಶಾಖವನ್ನು ನೀರಿನ ಮೇಲೆ ಹೊರಿಸಿ, ಪೈಪಿನಲ್ಲಿ ಕಿಟಕಿಯಾಚೆಯ ತಂಪು ಜಗುಲಿಗೆ ಸಾಗಿಸಿ, ಅಲ್ಲಿ ರೇಡಿಯೇಟರಿನಲ್ಲಿ ಆರಿಸಿ ವಾಪಸು ತರುವುದೊಂದೇ ದಾರಿ. ನಾನು ಈ ಕೆಲಸವನ್ನು ಮೊಬೈಲಿನಲ್ಲಿ ಬಿಟ್ಟರೆ ಎಲ್ಲೂ ನೋಡಿರಲಿಲ್ಲ. ಆದರೂ ನನ್ನ ಬಾಯಿ ನನ್ನನ್ನು ಕೇಳದೆ, "ಮಾಡೋಣ ಮೇಡಂ, ಅದೇನು ದೊಡ್ಡ ವಿಷಯ" ಅಂದುಬಿಟ್ಟಿತು.

ಅಲ್ಲೇ ಸೊಪ್ಪು ಕಟ್ಟುತ್ತಿದ್ದ ಮೇಡಂ ಅವರ ಅತ್ತೆ ತಲೆಯೆತ್ತಿದರು. ಬ್ಯಾರನ್ ಶಾಖ ನೋಡುವುದರಲ್ಲಿ ಊರಿನಲ್ಲೇ ಹೆಸರಾದವರು, ಥರ್ಮಾಮೀಟರನ್ನು ನಂಬದೆ ಗೋಡೆಗೆ ಅಂಗೈ ಇಟ್ಟು ಹೇಳುವವರು.

"ಸೊಪ್ಪು ಬೆಂದ್ರೆ ಒಳ್ಳೆ ಬಣ್ಣ ಬತ್ತದೆ. ಈ ಡಬ್ಬ ಬೆಂದ್ರೆ ಏನ್ ಬತ್ತದಪ್ಪ?"

"ನಾನು ಬರ್ತೀನಮ್ಮ," ಅಂದೆ.

ಎಷ್ಟೆಕರೆ?

ಸಾಮಾನೆಲ್ಲ ಕೊರಿಯರಿನಲ್ಲಿ ಬಂತು. ಪಂಪು, ನೀರಿನ ಡಬ್ಬಿ, ರೇಡಿಯೇಟರ್, ಪ್ರೊಸೆಸರ್ ಮೇಲೆ ಕೂರುವ ತಾಮ್ರದ ಬ್ಲಾಕು, ಪಾರದರ್ಶಕ ಪೈಪು. ನೀರು ಖಾಲಿ ಮಾಡಲು ಬೇಕಾದ ಕಾಲಿಂಚಿನ ವಾಲ್ವ್ ಮಾತ್ರ ಪೆಟ್ಟಿಗೆಯಲ್ಲಿ ಇರಲಿಲ್ಲ. ಕೆ.ಆರ್. ನಗರದಲ್ಲಿ ಒಂದು ಡ್ರಿಪ್ ಸಾಮಾನಿನ ಅಂಗಡಿಯಲ್ಲಿ ಎಲ್ಲ ಸಿಗುತ್ತದೆ ಅಂದರು. ಹೋದೆ. ಅಂಗಡಿಯ ಯಜಮಾನರು ಕನ್ನಡಕದ ಮೇಲಿಂದ ನೋಡಿದರು.

"ಎಷ್ಟೆಕರೆ?"

"ಎಕರೆ ಇಲ್ಲ ಸಾರ್. ಒಂದೂವರೆ ಅಡಿ."

"ಒಂದೂವರೆ ಅಡಿಗೆ ಡ್ರಿಪ್ಪಾ? ಏನ್ ಬೆಳೆ?"

"ಬೆಳೆ ಅಲ್ಲ. ಕಂಪ್ಯೂಟರಿಗೆ."

ಯಜಮಾನರು ಪೆನ್ನು ಕೆಳಗಿಟ್ಟರು. ಈತ ಬಿಸಿಲಿನಲ್ಲಿ ಬಂದಿದ್ದಾನೆ ಅಂತ ಅನ್ನಿಸಿರಬೇಕು, ಕುಡಿಯಲು ನೀರು ಕೊಟ್ಟರು. ನಾನು ಕಾಗದದ ಮೇಲೆ ಚಿತ್ರ ಬರೆದು ಪಂಪಿನಿಂದ ಬ್ಲಾಕು, ಬ್ಲಾಕಿನಿಂದ ರೇಡಿಯೇಟರು ಅಂತ ಪೂರ್ತಿ ವಿವರಿಸಿದೆ. ಅವರೂ ಪಂಪಿನ ಮನುಷ್ಯ, ಕಣ್ಣು ಹೊಳೆಯಿತು. ಎಲ್ಲೆಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ ಅಂತ ಬೆರಳಿಟ್ಟು ತೋರಿಸಿದರು. ನಾನು ನೋಡಿದ ಯಾವ ವಿಡಿಯೋದವನೂ ಅಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ. ವಾಲ್ವ್ ಹುಡುಕಿ ಕೊಟ್ಟು, ಹೊರಡುವಾಗ ಹತ್ತಿರ ಕರೆದು ಗುಟ್ಟಾಗಿ ಒಂದು ಉಪಕಾರವನ್ನೂ ಮಾಡಿದರು.

"ಡ್ರಿಪ್ಪಿಗೆ ಸಬ್ಸಿಡಿ ಅದೆ ಕಣ್ರೀ. ಅರ್ಜೀಲಿ ಕಂಪ್ಯೂಟರ್ ಅಂತ ಮಾತ್ರ ಬರೀಬ್ಯಾಡಿ. ಬಾಳೆ ಅಂತ ಬರೀರಿ."

ಬ್ಯಾಟರಿ ನೀರು

ಇಂಥ ಯಂತ್ರಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ನಮ್ಮ ಕಡೆ ಅದಕ್ಕೆ ಬ್ಯಾಟರಿ ನೀರು ಅಂತಲೇ ಹೆಸರು. ಹುಣಸೂರಿನ ಬ್ಯಾಟರಿ ಅಂಗಡಿಯಿಂದ ಎರಡು ಕ್ಯಾನು ಬೈಕಿಗೆ ಕಟ್ಟಿಕೊಂಡು ಹೋದೆ. ಅಂಗಳದಲ್ಲಿ ಕ್ಯಾನು ಇಳಿಸುವಾಗ ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತರು.

"ನೀರಿರೋ ಮನೆಗೆ ನೀರ್ ಹೊತ್ಕೊಂಡು ಬಂದಿದ್ದೀಯಲ್ಲಪ್ಪ. ನಮ್ ಬೋರ್ ನೀರ್ಗೆ ಏನಾಗದೆ?"

ಬೋರ್ ನೀರಿನಲ್ಲಿ ಉಪ್ಪಿನಂಶ ಇರುತ್ತದೆ, ಪಾತ್ರೆಯ ತಳದಲ್ಲಿ ಕಟ್ಟುವ ಹಾಗೆ ಒಳಗೆ ಬಿಳಿ ಕಟ್ಟುತ್ತದೆ, ಯಂತ್ರ ಹಾಳಾಗುತ್ತದೆ ಅಂತ ಹೇಳಿದೆ.

"ಬಿಳಿ ಕಟ್ಟೋ ನೀರ್ನೇ ಕುಡ್ದು ನಮ್ಗೆಲ್ಲ ಇಷ್ಟು ವಯಸ್ಸಾಯ್ತು."

"ನೀವು ಗಟ್ಟಿ ಜನ ಅಮ್ಮ. ಇದು ಸೂಕ್ಷ್ಮ."

ಅವರು ಕ್ಯಾನಿನ ಮುಚ್ಚಳ ತೆಗೆದು ಮೂಸಿದರು, ಒಂದು ಹನಿ ನಾಲಿಗೆಗೆ ಹಾಕಿಕೊಂಡು ಮುಖ ಕಿವುಚಿದರು. ಆಮೇಲೆ ಒಳಗಿದ್ದ ಸೊಸೆಗೆ ಕೇಳುವ ಹಾಗೆ ಹೇಳಿದರು: "ಕೂರಾಕೆ ತಂಪು ಜಾಗ, ಕುಡ್ಯಾಕೆ ಅಂಗಡಿ ನೀರು. ಈ ಮನೆ ಅಳಿಯ ಯಾರು ಅಂತ ಗೊತ್ತಾಯ್ತು ಬುಡು."

ನೋಡಲು ಬಂದವರು

ಪೈಪು ಜೋಡಿಸಿ ನೀರು ತುಂಬಿದ ಮೇಲೆ ಕಂಪ್ಯೂಟರ್ ಚಾಲೂ ಮಾಡಬಾರದು. ಪಂಪನ್ನು ಮಾತ್ರ ಒಂದು ದಿನ ಪೂರ್ತಿ ಓಡಿಸಬೇಕು. ಪ್ರತಿ ಜಾಯಿಂಟಿನ ಕೆಳಗೆ ಟಿಶ್ಯೂ ಕಾಗದ ಹಾಸಿರಬೇಕು, ಎಲ್ಲಾದರೂ ಒದ್ದೆಯಾದರೆ ಅಲ್ಲಿ ಸೋರುತ್ತಿದೆ ಅಂತ ಅರ್ಥ. ಇದನ್ನೆಲ್ಲ ಹೇಳಿ ನಾನು ಹುಣಸೂರಿಗೆ ಬಂದೆ.

ನಾನು ಹೋದ ಮೇಲೆ ಬೀದಿಯಲ್ಲಿ ಸುದ್ದಿ ಹಬ್ಬಿತು. ಕಿಟಕಿಯಿಂದ ಪೈಪು ಆಚೆ ಬಂದಿದೆ, ನೀರು ಬೊಳಬೊಳ ಅನ್ನುತ್ತಿದೆ, ಕಂಪ್ಯೂಟರ್ ಮಾತ್ರ ಕಣ್ಣು ಬಿಟ್ಟಿಲ್ಲ. "ಅದುಕ್ಕೆ ಗ್ಲೂಕೋಸ್ ಹಾಕವ್ರಂತೆ" ಅಂತ ಯಾರೋ ಅಂದರು. ಸಾಲದ್ದಕ್ಕೆ ಕೆಳಗೆ ಬಿಳಿ ಹಾಸಿಗೆ ಬೇರೆ. ಮದುವೆ ವಿಡಿಯೋ ಮಾಡಿಸಿಕೊಂಡ ಮನೆಗಳವರಿಗೆ ನಿಜವಾಗಿಯೂ ಗಾಬರಿಯಾಯಿತು, ಅವರ ಮದುವೆಗಳೆಲ್ಲ ಅದರೊಳಗೇ ಇದ್ದವಲ್ಲ. ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಹೋಗುವ ಪದ್ಧತಿ ನಮ್ಮಲ್ಲಿ ಇಲ್ಲ. ಒಬ್ಬರು ಬಾಳೆಹಣ್ಣು ತಂದರು, ಒಬ್ಬರು ಬ್ರೆಡ್ಡು ತಂದರು.

ಮಾರನೇ ದಿನ ನಾನು ಬಂದು ನೋಡಿದರೆ ಬ್ಲಾಕಿನ ಕೆಳಗಿನ ಟಿಶ್ಯೂ ಒದ್ದೆ! ಪಂಪ್ ನಿಲ್ಲಿಸಿದೆ, ನೀರು ಇಳಿಸಿದೆ, ಒಂದೊಂದೇ ಜಾಯಿಂಟ್ ಬಿಚ್ಚಿದೆ, ರಬ್ಬರ್ ಉಂಗುರಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಎರಡು ಗಂಟೆ ಹುಡುಕಿದರೂ ತಪ್ಪು ಸಿಗಲಿಲ್ಲ. ಮೇಡಂ ಬಾಗಿಲಲ್ಲಿ ನಿಂತು ಉಗುರು ಕಚ್ಚುತ್ತಿದ್ದರು. ಅತ್ತೆ ಬಂದು ಬಗ್ಗಿ ಟಿಶ್ಯೂ ನೋಡಿದರು. ಅದರ ತುಂಬ ಇರುವೆ.

"ಬ್ಯಾಟರಿ ನೀರ್ಗೆ ಇರುವೆ ಬತ್ತದಾ?"

ಬರುವುದಿಲ್ಲ. ಬೆಳಗ್ಗೆ ಎದುರುಮನೆಯಾಕೆ ಎಳನೀರು ಹಿಡಿದುಕೊಂಡು ಬಗ್ಗಿ ನೋಡಿದ್ದರಂತೆ, ತುಳುಕಿದೆ. ನಾನು ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸುತ್ತಿರುವಾಗ ಆಕೆ ಕಿಟಕಿಯಲ್ಲಿ ಇಣುಕಿ, "ಬಿದ್ದಿದ್ದು ಒಳ್ಳೇದೇ ಆಯ್ತು ಬುಡಿ, ಒಳಕ್ಕೂ ಒಸಿ ಹೋಗಿದ್ರೆ ತಂಪಾಯ್ತಿತ್ತು" ಅಂದರು.

ಕೆಂಪು ನೀರು

ಕಂಪ್ಯೂಟರ್ ಆಫ್ ಆಗುವುದು ನಿಂತಿತು, ಹಂಪಾಪುರದವರ ಮದುವೆಯೂ ಚೆನ್ನಾಗಿ ನಡೆಯಿತು. ಮೇಡಂ ಶೂಟಿಂಗ್ ಮುಗಿಸಿ ಎಡಿಟಿಂಗಿಗೆ ಕೂತರು. ಭಾನುವಾರ ಒಂದು ಫೋಟೋ ಕಳಿಸಿದರು. ಪೈಪಿನಲ್ಲಿ ನೀರು ಕೆಂಪಗೆ ಹೊಳೆಯುತ್ತಿತ್ತು. ವಿದೇಶದ ವಿಡಿಯೋಗಳಲ್ಲಿ ಹೀಗೇ ಬಣ್ಣದ ನೀರು ಇರುತ್ತದೆ. ಎಲ್ಲೋ ತರಿಸಿ ಹಾಕಿದ್ದಾರೆ ಅಂದುಕೊಂಡು "ಸೂಪರ್ ಕಲರ್ ಮೇಡಂ" ಅಂತ ಉತ್ತರ ಕಳಿಸಿದೆ. ನಾನು ಹಾಕಿದ್ದ ಯಾವುದೋ ಔಷಧಿಯಿಂದ ಬಣ್ಣ ತಿರುಗಿದೆ ಅಂತ ಅವರು ಅಂದುಕೊಂಡರು. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡು ಸುಮ್ಮನಿದ್ದೆವು.

ಸೋಮವಾರ ಬೆಳಗ್ಗೆ ಫೋನು. ಮೇಡಂ ಅಳುತ್ತಿದ್ದರು. ಮತ್ತೆ ಆಫ್ ಆಗುತ್ತಿದೆ, ನಾಡಿದ್ದೇ ಬೀಗರೂಟ. ಅಂಗಡಿಗೆ ಬೀಗ ಜಡಿದು ಬೈಕ್ ಹತ್ತಿದೆ. ನನ್ನ ಮಾತು ನಂಬಿ ಕೂತವರ ಮುಖ ನೋಡುವುದು ಹೇಗೆ ಅಂತ ದಾರಿಯುದ್ದಕ್ಕೂ ಅದೇ ಚಿಂತೆ.

ಹೋಗಿ ನೋಡಿದರೆ ಪಂಪು ಗುಂಯ್ ಅನ್ನುತ್ತಿದೆ, ಫ್ಯಾನ್ ತಿರುಗುತ್ತಿದೆ. ನನಗೆ ಏನೂ ಹೊಳೆಯಲಿಲ್ಲ. ಅತ್ತೆ ಒಳಗೆ ಬಂದು ಬ್ಯಾರನ್ ಗೋಡೆ ಮುಟ್ಟುವ ಹಾಗೆ ಬ್ಲಾಕಿಗೊಂದು, ಪೈಪಿಗೊಂದು ಅಂಗೈ ಇಟ್ಟರು.

"ಇದು ಸುಡ್ತದೆ, ಇದು ತಣ್ಗದೆ. ನೀರು ಓಡ್ತಿಲ್ಲ ಕಣಪ್ಪ. ಒಳ್ಗೆ ಏನೋ ಅಡ್ಡ ಕೂತದೆ."

ಬ್ಲಾಕು ಬಿಚ್ಚಿದೆ. ಕೂದಲೆಳೆಯಷ್ಟು ಸಣ್ಣ ತಾಮ್ರದ ಗೀರುಗಳ ತುಂಬ ಕೆಂಪು ಕೆಸರು. ಬಾಯಿಗೆ ಸರಿಯಾಗಿ ಅಡ್ಡ ಕೂತಿತ್ತು ಒಂದು ಚೆಂಡುಹೂವಿನ ಎಸಳು. ಅದನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು, "ಇದು ಎಲ್ಲಿಂದ ಬಂತು?" ಅಂದೆ.

ಅತ್ತೆಗೆ ಎಳ್ಳಷ್ಟೂ ಅಳುಕಿಲ್ಲ. "ನಾನೇ ಹಾಕಿದ್ದು. ಮನೇಲಿ ಹೊಸ ನೀರು ಹರ್ದ ಮ್ಯಾಲೆ ಗಂಗೆ ಪೂಜೆ ಮಾಡ್ದೆ ಇರಾಕಾದದಾ? ಬೋರ್ ಕೊರ್ಸಿದಾಗ್ಲೂ ಮಾಡಿದ್ವಿ, ಇವತ್ತುಗಂಟ ನೀರು ನಿಂತಿಲ್ಲ."

ಮೇಡಂ ತಲೆ ಮೇಲೆ ಕೈ ಹೊತ್ತು ಕೂತರು. ನಾನು ಏನಂತ ಬೈಯಲಿ? ಆಯುಧ ಪೂಜೆಯ ದಿನ ಅಂಗಡಿಯ ಯುಪಿಎಸ್ಸಿಗೆ ಕುಂಕುಮ ಇಟ್ಟು ಊದುಬತ್ತಿ ಬೆಳಗುವವನು ನಾನೇ.

"ಪೂಜೆ ಮಾಡಿ ಅಮ್ಮ, ಬೇಡ ಅನ್ನಲ್ಲ. ಅರಿಶಿನ ಕುಂಕುಮಾನ ನೀರಿನ ಡಬ್ಬಿಯ ಹೊರಗಡೆ ಇಡಬಹುದಿತ್ತಲ್ಲ?"

"ಗಂಗಮ್ಮ ಒಳ್ಗವ್ಳೆ. ಆಚೆ ಇಟ್ರೆ ಯಾರ್ಗಿಟ್ಟಂಗಾಯ್ತು?"

ಬಕೆಟ್ ನಿಂತಿತು

ಹಲ್ಲುಜ್ಜುವ ಬ್ರಷ್ಷಿನಿಂದ ಗೀರುಗಳನ್ನೆಲ್ಲ ಉಜ್ಜಿ, ಪೈಪು ತೊಳೆದು, ಉಳಿದಿದ್ದ ಇನ್ನೊಂದು ಕ್ಯಾನಿನ ನೀರು ತುಂಬಿದೆ. ಮಂಗಳವಾರ ಮಧ್ಯಾಹ್ನ ವಿಡಿಯೋ ಪೂರ್ತಿ ತಯಾರಾಯಿತು. ಅಷ್ಟು ಹೊತ್ತೂ ಅತ್ತೆ ಪೈಪಿನ ಮೇಲೆ ಅಂಗೈ ಇಟ್ಟುಕೊಂಡೇ ಕೂತಿದ್ದರು, ಊಟಕ್ಕೂ ಏಳಲಿಲ್ಲ. ತಪ್ಪಾಯ್ತು ಅಂತ ಬಾಯಲ್ಲಿ ಹೇಳುವ ಹೆಂಗಸಲ್ಲ ಅವರು.

ಬುಧವಾರ ನಾನೂ ಹಂಪಾಪುರಕ್ಕೆ ಹೋದೆ. ಶಾಮಿಯಾನದ ಕೆಳಗೆ ಉದ್ದುದ್ದ ಪಂಕ್ತಿ, ಒಂದು ತುದಿಯಲ್ಲಿ ದೊಡ್ಡ ಪರದೆ, ಅದರ ಪಕ್ಕ ಲ್ಯಾಪ್‌ಟಾಪ್ ಹಿಡಿದು ಮೇಡಂ. ವಿಡಿಯೋ ಶುರುವಾಯಿತು, ಧಾರೆ ಬಂತು, ತಾಳಿ ಬಂತು, ಮೂರನೇ ಗಂಟೂ ಬಿತ್ತು. ನೋಡಿದವರು ಮಾತ್ರ ಮೇಡಂ, ಅವರ ಅತ್ತೆ ಮತ್ತು ಪಂಕ್ತಿಯಲ್ಲಿ ಕೂತಿದ್ದ ನಾನು. ಮಿಕ್ಕವರದ್ದು ತಪ್ಪೂ ಅಲ್ಲ. ಎಲೆಗೆ ಮುದ್ದೆ ಬಿದ್ದಿತ್ತು, ಸಾರು ಬಿದ್ದಿತ್ತು, ಮಟನ್ ಬಕೆಟ್ ಆಗ ತಾನೇ ಪಂಕ್ತಿಗೆ ಇಳಿದಿತ್ತು. ಬೀಗರೂಟದಲ್ಲಿ ಆ ಹೊತ್ತಿಗೆ ತಲೆಯೆತ್ತುವ ಮನುಷ್ಯ ನಮ್ಮ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ.

ಕೊನೆಗೆ ಪರದೆ ಕಪ್ಪಾಗಿ ಮೇಡಂ ಹೆಸರು ಬಂತು. ಬಿಳಿ ಅಕ್ಷರದಲ್ಲಿ, ಅವರದೊಂದೇ ಹೆಸರು. ಪಂಕ್ತಿಯಲ್ಲಿ ಒಂದು ತಲೆಯೂ ಮೇಲೇಳಲಿಲ್ಲ. ಮೇಡಂ ಮುಖ ಇಳಿದುಹೋಯಿತು.

ಅಷ್ಟರಲ್ಲಿ ಅತ್ತೆ ಎದ್ದರು. ಸೀದಾ ಹೋಗಿ ಬಡಿಸುತ್ತಿದ್ದವನ ಕೈಲಿದ್ದ ಬಕೆಟ್ಟಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ನಿಲ್ಸಪ್ಪ ಬಡ್ಸೋದ್ನ!"

ಬಕೆಟ್ ನಿಂತಿತು. ಬಕೆಟ್ ನಿಂತದ್ದೇ ತಡ, ಅಷ್ಟೂ ತಲೆಗಳು ಒಟ್ಟಿಗೇ ಮೇಲೆದ್ದವು.

"ಏನಮ್ಮೋ, ಯಾಕೆ?" ಅಂತ ಆ ಕಡೆಯಿಂದ ಒಬ್ಬರು ಕೂಗಿದರು.

"ಅಲ್ಲಿ ಪರದೆ ಮ್ಯಾಲೆ ಏನೋ ಬರ್ದದೆ. ನಂಗೆ ಓದಾಕೆ ಬರಾಕಿಲ್ಲ. ಓದಿ ಯೋಳಿ, ಆಮ್ಯಾಕೆ ತುಂಡು."

ಮೇಡಂ ವಿಡಿಯೋ ನಿಲ್ಲಿಸಿ ಹಿಡಿದರು. ಇಬ್ಬರು ಮೂವರು ಓದಿದರು. "ಕೇಳ್ನಿಲ್ಲ," ಅಂದರು ಅತ್ತೆ. ಇಡೀ ಪಂಕ್ತಿ ಓದಿತು. "ಆ ಕಡೆಯೋರು ಓದ್ನಿಲ್ಲ," ಅಂದರು. ಆಗ ಶಾಮಿಯಾನದ ಈ ತುದಿಯಿಂದ ಆ ತುದಿಯವರೆಗೆ, ಬೀಗರು, ನೆಂಟರು, ಒಲೆಯ ಹತ್ತಿರದ ಅಡಿಗೆಯವರು, ಎಲ್ಲರೂ ಒಂದೇ ದನಿಯಲ್ಲಿ ಆ ಹೆಸರನ್ನು ಕೂಗಿದರು. ಮೇಡಂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಲೇ ಅಳುತ್ತಿದ್ದರು.

"ಊಂ, ನಮ್ ಸೊಸೆ ಅದು," ಅಂದು ಅತ್ತೆ ಬಕೆಟ್ಟಿನ ಹಿಡಿ ಬಿಟ್ಟರು. "ಈಗ ಬಡ್ಸು."

ಅವತ್ತು ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನು. ಸಂತೋಷಕ್ಕೆ ಅಂತ ಮೇಡಂ ಈಗಲೂ ನಂಬಿದ್ದಾರೆ. ಸಂತೋಷವೂ ಇತ್ತು, ಸುಳ್ಳಲ್ಲ. ಆದರೆ ಬಕೆಟ್ ನಿಂತದ್ದು ಸರಿಯಾಗಿ ನನ್ನ ಪಕ್ಕದ ಎಲೆಗೆ, ನನ್ನ ಎಲೆಗೆ ತುಂಡು ಇನ್ನೂ ಬಿದ್ದಿರಲಿಲ್ಲ.