ಉಗುಳಲಾರದ ರುಚಿಗಾರ

ನಡುರಾತ್ರಿ ಟಕಟಕ ಎಂದು ಸಣ್ಣಗೆ ಸದ್ದು ಕೇಳಿತು. ಹೆಂಡತಿ ಮೊದಲು ಇಲಿ ಎಂದುಕೊಂಡಳು, ಆಮೇಲೆ ನಲ್ಲಿ ಎಂದುಕೊಂಡಳು. ದೀಪ ಹಾಕಿ ನೋಡಿದರೆ ಗಂಡನ ಕಾಲು. ಆತ ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತ ಮಲಗಿದ್ದ. ಬಲಗಾಲು ಮಾತ್ರ ಹೊಲಿಗೆ ಯಂತ್ರ ತುಳಿಯುವಂತೆ ಅದುರುತ್ತಿತ್ತು, ಆ ಅದುರಿಗೆ ಮಂಚ ಗೋಡೆಗೆ ಬಡಿಯುತ್ತಿತ್ತು. ಗೋಡೆಯ ಆಚೆಯಿಂದ ಯಾರೋ ತಿರುಗಿ ಬಡಿದರು.

ಯಾರೋ ಏನು, ಪಕ್ಕದ ಮನೆಯ ನರ್ಸಮ್ಮನೇ. ನಿವೃತ್ತಿಯಾದ ಮೇಲೆ ರೋಗಿಗಳಿಲ್ಲದೆ ಸೊರಗಿಹೋಗಿದ್ದ ಆಕೆಗೆ ಇಷ್ಟು ಸಾಕಾಗಿತ್ತು. ಬೆಳಿಗ್ಗೆ ಹಾಲು ಕಾಯುವ ಮೊದಲೇ ಬಂದು ಅವನ ನಾಡಿ ಹಿಡಿದು ಕೂತಳು.

"ಇದು ನಾಡಿ ಅಲ್ಲ ತಾಯಿ, ಓಟದ ಪಂದ್ಯ" ಎಂದಳು ಅವನ ಹೆಂಡತಿಗೆ. "ದಿನಕ್ಕೆಷ್ಟು ಕಾಫಿ ಕುಡೀತಾನೆ ನಿನ್ ಗಂಡ?"

"ಒಂದು ತೊಟ್ಟೂ ಇಲ್ಲ ಅಕ್ಕ. ಮನೇಲಿ ಕಾಫಿಪುಡೀನೇ ತರಲ್ಲ. ಇಡೀ ದಿನ ಆಫೀಸಲ್ಲಿ ಅದೇ ಅಲ್ವಾ, ವಾಸನೆ ಕಂಡ್ರೂ ಆಗಲ್ಲ ಇವರಿಗೆ."

ಆತ ಕೈ ಬಿಡಿಸಿಕೊಂಡು ಗೋಡೆಯ ಕಡೆ ತಿರುಗಿದ. ನಿಜ ಹೇಳುವ ಹಾಗಿರಲಿಲ್ಲ.

ಅವನದು ಕಾಫಿ ಕಂಪನಿಯಲ್ಲಿ ರುಚಿಗಾರನ ಕೆಲಸ. ಉದ್ದನೆಯ ಮೇಜಿನ ಮೇಲೆ ಸಾಲಾಗಿ ಲೋಟಗಳು. ಒಂದೊಂದರಿಂದ ಒಂದು ಚಮಚ ಸೊರ್ರೆಂದು ಹೀರಬೇಕು, ಬಾಯಲ್ಲೆಲ್ಲ ಆಡಿಸಬೇಕು, ಪಕ್ಕದ ಪೀಕದಾನಿಗೆ ಉಗುಳಬೇಕು. ಹೀರುವುದೂ ಆಡಿಸುವುದೂ ಅವನಿಗೆ ಬರುತ್ತಿತ್ತು. ಉಗುಳುವುದು ಬರುತ್ತಿರಲಿಲ್ಲ. ಬಾಯಿಗೆ ಹಾಕಿದ್ದನ್ನು ಹೊರಗೆ ತೆಗೆದರೆ ತೊಡೆ ಚಿವುಟುವ ತಾಯಿಯ ಕೈಯಲ್ಲಿ ಬೆಳೆದವನು. ನಾಲ್ಕು ಜನರ ಎದುರು ಪೀಕದಾನಿಗೆ ಬಗ್ಗಿದೊಡನೆ ಗಂಟಲು ತಾನಾಗಿ ತೆರೆದುಕೊಳ್ಳುತ್ತಿತ್ತು. ಆದ್ದರಿಂದ ಕೆಲಸಕ್ಕೆ ಸೇರಿದಂದಿನಿಂದಲೂ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು, ತುಟಿಯಲ್ಲಿ ಥೂ ಎಂದು ಸದ್ದು ಮಾಡಿ, ಒಳಗೊಳಗೇ ನುಂಗುತ್ತ ಬಂದಿದ್ದ. ನೋಡುವವರು ಎಂಥ ಅಚ್ಚುಕಟ್ಟು ಮನುಷ್ಯ ಎನ್ನುತ್ತಿದ್ದರು. ಆದರೆ ನುಂಗುವ ರುಚಿಗಾರನ ನಾಲಿಗೆಯನ್ನು ಆ ಕಂಪನಿಯಲ್ಲಿ ಯಾರೂ ನಂಬುವುದಿಲ್ಲ. ವಿಷಯ ಹೊರಬಿದ್ದರೆ ಅವತ್ತೇ ಮನೆಗೆ.

ಡಾಕ್ಟರ ಬಳಿ ಹೆಂಡತಿ ಮತ್ತು ನರ್ಸಮ್ಮ ಇಬ್ಬರೂ ಸೇರಿ ಅವನ ಕಾಯಿಲೆ ಹೇಳಿದರು. ನಿದ್ದೆ ಇಲ್ಲ, ಎದೆ ಡವಡವ, ಕೈ ನಡುಕ, ಹುಳಿತೇಗು, ಸುಮ್ಮನೆ ಕೂತಲ್ಲೇ ಸಿಡುಕು. ಅವನಿಗೆ ಬಾಯಿ ತೆರೆಯಲು ಅವಕಾಶ ಸಿಕ್ಕಿದ್ದು ನಾಲಿಗೆ ತೋರಿಸುವುದಕ್ಕೆ ಮಾತ್ರ. ಬಕೆಟ್‌ಗಟ್ಟಲೆ ಕಾಫಿ ಕುಡಿಯುವವರ ಲಕ್ಷಣಗಳೆಲ್ಲ ಇವೆ, ಕಾಫಿ ಒಂದೇ ಇಲ್ಲ ಅಂತೀರಲ್ಲ ಎಂದು ತಲೆ ಕೆರೆದುಕೊಂಡ ಡಾಕ್ಟರು, ಹಾಗಾದರೆ ಹೃದಯದ್ದೇ ಏನೋ ಇರಬೇಕು, ಆಸ್ಪತ್ರೆಗೆ ಸೇರಿಸೋಣ ಎಂದಾಗ ಅವನು ಬೆವೆತ. ಹೆಂಗಸರಿಬ್ಬರನ್ನೂ ಹೊರಗೆ ಕಳಿಸಿ ಎಂದು ಕೈಸನ್ನೆ ಮಾಡಿದ. ಅವರು ಹೋದ ಮೇಲೆ ನಿಜ ಹೇಳಿದ.

ಆಸ್ಪತ್ರೆಗೆಂದು ಬರೆಯುತ್ತಿದ್ದ ಚೀಟಿಯನ್ನು ಡಾಕ್ಟರು ಹರಿದು ಹಾಕಿದರು.

"ಉಗುಳಿ ಅಂತ ನಾನು ಇವತ್ತಿನವರೆಗೂ ಯಾವ ರೋಗಿಗೂ ಹೇಳಿಲ್ಲ ಕಣ್ರೀ. ನಿಮಗೆ ಹೇಳ್ತಿದೀನಿ. ಹೃದಯ ಒಂದೇ ಇರೋದು, ಅದನ್ನ ಹೀಗೆ ಓಡಿಸ್ಬೇಡಿ. ಇವತ್ತಿಂದ ಉಗುಳಿ, ಇಲ್ಲಾ ಕೆಲಸ ಬಿಡಿ."

ಕೆಲಸ ಬಿಡುವುದು ಹೇಗೆ? ಉಗುಳುವುದೆಂದು ಗಟ್ಟಿಮನಸ್ಸು ಮಾಡಿ ಆಫೀಸಿಗೆ ಹೋದ. ಹೋದವನೇ ಬಚ್ಚಲಿಗೆ ಹೊಕ್ಕು, ಬಾಗಿಲು ಹಾಕಿಕೊಂಡು, ನಲ್ಲಿ ನೀರಿನಲ್ಲಿ ಅಭ್ಯಾಸ ಶುರು ಮಾಡಿದ. ಮೊದಮೊದಲು ನೀರೂ ಒಳಗೇ ಹೋಯಿತು. ಬರಬರುತ್ತಾ ಗದ್ದದ ಮೇಲೆ ಇಳಿಯಿತು. ಹೊರಗೆ ಜೊತೆ ರುಚಿಗಾರ, ಎಲ್ಲರೂ ಕನ್ನಡಕ ಎಂದು ಕರೆಯುವವನು, ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದ. ಒಳಗಿದ್ದವನು ವಾಂತಿ ಮಾಡಿಕೊಳ್ಳುತ್ತಿದ್ದಾನೆ ಎಂಬ ಸುದ್ದಿ ಕ್ಷಣದಲ್ಲಿ ಎಲ್ಲ ಮೇಜಿಗೂ ಹೋಯಿತು. ಹೊರಬಂದರೆ ಒಬ್ಬರ ಕೈಯಲ್ಲಿ ನಿಂಬೆಹಣ್ಣು, ಇನ್ನೊಬ್ಬರ ಕೈಯಲ್ಲಿ ಉಪ್ಪಿನ ನೀರು. ಟೈಪಿಸ್ಟ್ ಹೆಂಗಸು ತನ್ನ ಮಾವನಿಗೂ ಹೀಗೇ ಶುರುವಾಗಿದ್ದು ಎಂದು ಹೇಳಿ, ಆ ಮಾವ ಆಮೇಲೆ ಏನಾದರು ಎಂಬುದನ್ನು ಹೇಳದೆ ನಿಟ್ಟುಸಿರು ಬಿಟ್ಟಳು.

"ಮೈ ಸರಿಯಿಲ್ದಿದ್ರೆ ಹೋಗಪ್ಪ ಮನೆಗೆ" ಎಂದ ಕನ್ನಡಕ, ತುಂಬ ಪ್ರೀತಿಯಿಂದ. "ಯಜಮಾನರು ಇವತ್ತು ತಮ್ಮ ಕುರ್ಚಿಗೆ ಯಾರು ಅಂತ ನೋಡ್ತಾರಂತೆ. ನಾನು ಹೇಗೋ ನಿಭಾಯಿಸ್ತೀನಿ."

ಯಜಮಾನರೆಂದರೆ ಮುಖ್ಯ ರುಚಿಗಾರರು. ಕೆಲಸ ಬಿಡುವ ಮುನ್ನ ತಮ್ಮ ಜಾಗಕ್ಕೆ ಒಬ್ಬರನ್ನು ಆರಿಸಬೇಕಿತ್ತು. ಮೇಜಿನ ತಲೆಯಲ್ಲಿ ನಿಂತಿದ್ದರು. ಅವರ ಪಕ್ಕ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಕಾಫಿಬೀಜದ ವ್ಯಾಪಾರಿ, ತನ್ನ ಮಾಲು ಮಾರಾಟವಾದಂತೆಯೇ ಎಂಬ ನಗೆಯಲ್ಲಿ. ಕನ್ನಡಕ ಆ ಮಾಲಿನ ರುಚಿ ನೋಡಿ ಬಹಳ ಚೆನ್ನಾಗಿದೆ ಎಂದ. ಯಜಮಾನರೂ ತಲೆದೂಗಿದರು. ಇವನ ಸರದಿ ಬಂತು.

ಹೀರಿದ. ಬಾಯಲ್ಲಿ ಆಡಿಸಿದ. ಬಗ್ಗಿದ. ಗಂಟಲು ಎಂದಿನಂತೆ ತೆರೆದುಕೊಳ್ಳತೊಡಗಿತು. ಡಾಕ್ಟರ ಮಾತು ನೆನೆದು, ಕರವಸ್ತ್ರ ಎಸೆದು, ಮೈಯಲ್ಲಿದ್ದ ಬಲವೆಲ್ಲ ತುಟಿಗೆ ತಂದು ಉಗುಳಿದ. ಪೀಕದಾನಿ ಇದ್ದಲ್ಲೇ ಇತ್ತು. ಕಾಫಿ ಅದರ ಮೇಲಿಂದ ಹಾರಿ ಬಿಳಿ ಅಂಗಿಯ ಎದೆಯ ಮೇಲೆ ಕೂತಿತು.

ಕೆಲಸ ಹೋಯಿತು ಎಂದುಕೊಂಡು ಅವನು ಕಣ್ಣು ಮುಚ್ಚಿದ.

"ಅಷ್ಟು ಕೆಟ್ಟದಾಗಿದೆಯೇನಯ್ಯ?" ಎಂದು ಯಜಮಾನರ ದನಿ ಕೇಳಿತು.

ಹೌದು ಎನ್ನದೆ ದಾರಿಯಿರಲಿಲ್ಲ. ಹೌದು ಎಂದ. ಯಜಮಾನರು ಇನ್ನೊಂದು ಚಮಚ ಹೀರಿ, ಹುಬ್ಬು ಗಂಟಿಕ್ಕಿ, ಹಿಂದೆ ಎಲ್ಲೋ ಸಣ್ಣಗೆ ಬೂಷ್ಟಿನ ರುಚಿ ಇದೆ ಎಂದರು. ಕನ್ನಡಕ ಓಡಿಬಂದು ಹೀರಿ, ಸಣ್ಣಗೇನು, ಢಾಳಾಗಿಯೇ ಇದೆ, ಆಗಲೇ ಹೇಳಬೇಕೆಂದಿದ್ದೆ ಎಂದ. ಇನ್ನೊಬ್ಬನಿಗೆ ಒದ್ದೆ ಗೋಣಿ, ಮತ್ತೊಬ್ಬನಿಗೆ ಸುಟ್ಟ ರಬ್ಬರು ಸಿಕ್ಕಿತು. ಕೊನೆಗೆ ವ್ಯಾಪಾರಿಯೇ ಒಂದು ಚಮಚ ಕುಡಿದು, ಅಂಗಿ ಒರೆಸಿಕೊಳ್ಳುವುದನ್ನೂ ಮರೆತು, ಲಾರಿಯಲ್ಲಿ ನೆನೆದಿರಬಹುದು ಎಂದು ಒಪ್ಪಿಕೊಂಡು ಮಾಲು ವಾಪಸ್ ತೆಗೆದುಕೊಂಡು ಹೋದ.

ಸಂಜೆ ಯಜಮಾನರು ಅವನನ್ನು ಕರೆದು, ಕುರ್ಚಿ ನಿನ್ನದೇ ಎಂದರು. ಅವನಿಗೆ ಅಳು ಬರುವಷ್ಟು ಸಂತೋಷವಾಯಿತು. ಉಗುಳುವುದೂ ಬಂತು, ಬಡ್ತಿಯೂ ಬಂತು. ಇನ್ನು ರಾತ್ರಿ ನಿದ್ದೆ ಮಾಡುವುದೊಂದೇ ಬಾಕಿ.

"ನಾಳೆಯಿಂದ ನೀನು ಈ ಮೇಜಿಗೆ ಬರ್ಬೇಡ" ಎಂದರು ಯಜಮಾನರು. "ಒಳಕೋಣೇಲಿ ಗಿರಾಕಿಗಳ ಜೊತೆ ಕೂರಬೇಕು. ಅಲ್ಲಿ ಪೀಕದಾನಿ ಇಡಲ್ಲ. ನಮ್ಮ ಕಾಫೀನ ನಾವೇ ಉಗುಳಿದ್ರೆ ಅವರು ಕೊಳ್ತಾರಾ? ಬಂದ ಪ್ರತಿಯೊಬ್ಬರ ಜೊತೇಲೂ ತುಂಬಿದ ಕಪ್ಪು, ತಳ ಕಾಣೋವರೆಗೆ, ನಗ್ತಾ ನಗ್ತಾ ಕುಡೀಬೇಕು."

ಅವನ ನಗು ಅರ್ಧದಲ್ಲಿ ನಿಂತಿತು. "ಸರ್, ಕನ್ನಡಕ ನನಗಿಂತ ಹಿರಿಯ..."

"ಅವನು ಮನೇಲೂ ಕುಡೀತಾನೆ, ಅವನ ಕಥೆ ಆಗಲೇ ಮುಗಿದಿದೆ. ನನ್ನ ಕೈ ನೋಡು." ಯಜಮಾನರು ಕೈ ಚಾಚಿದರು. ಅದು ಗಾಳಿಗೆ ಸಿಕ್ಕ ಎಲೆಯ ಹಾಗೆ ಅಲುಗುತ್ತಿತ್ತು. "ಡಾಕ್ಟರು ಇನ್ನು ಒಂದು ಗುಟುಕೂ ಕೂಡದು ಅಂದ್ರು. ಅದಕ್ಕೇ ಹೋಗ್ತಿರೋದು. ನಿನ್ನನ್ನ ಆರಿಸಿದ್ದು ನಾಲಿಗೆ ನೋಡಿ ಮಾತ್ರ ಅಲ್ಲ ಕಣಯ್ಯ. ಇಷ್ಟು ವರ್ಷದಲ್ಲಿ ಒಂದು ಹನೀನೂ ಒಳಗೆ ಬಿಟ್ಕೊಳ್ಳದೆ ನೀಟಾಗಿ ಉಗುಳಿದೋನು ನೀನೊಬ್ನೇ. ನಿನ್ನ ಎದೆ ಹೊಸದು. ಇನ್ನೂ ಬಹಳ ವರ್ಷ ತಡೆಯುತ್ತೆ."

ಮನೆಯ ಮೆಟ್ಟಿಲ ಮೇಲೆ ಹೆಂಡತಿಯೂ ನರ್ಸಮ್ಮನೂ ಕಾಯುತ್ತಿದ್ದರು. ಡಾಕ್ಟರು ಒಳಗೆ ಏನು ಹೇಳಿದರೋ ಹಾಗೆ ಮಾಡಿದಿರಾ ಎಂದು ಹೆಂಡತಿ ಕೇಳಿದಳು. ಮಾಡಿದೆ ಎಂದ. ಅದರಿಂದ ಏನಾಯಿತು ಎಂದರೆ, ಬಡ್ತಿ ಆಯಿತು ಎಂದ. ಆ ಡಾಕ್ಟರ ಕೈಗುಣವೇ ಕೈಗುಣ ಎಂದು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಹಿಗ್ಗಿದರು. ಇನ್ನು ಮೈ ನೆಟ್ಟಗಾಗುತ್ತದೆ, ಮುಂದಿನ ವಾರ ಹೋಗಿ ಅವರಿಗೆ ಥ್ಯಾಂಕ್ಸ್ ಹೇಳಿ ಬರೋಣ ಎಂದಳು ಹೆಂಡತಿ.

ಆಗಲಿ ಎಂದು ತಲೆಯಾಡಿಸಿ ಅವನು ಚಪ್ಪಲಿ ಬಿಚ್ಚಿದ. ಒಳಕೋಣೆಯ ಸುದ್ದಿಯನ್ನು ಯಾರಿಗೂ ಹೇಳುವುದಿಲ್ಲ, ಅದರಲ್ಲೂ ಆ ಡಾಕ್ಟರಿಗಂತೂ ಸತ್ತರೂ ಹೇಳುವುದಿಲ್ಲ ಎಂದು ಎರಡನೆಯ ಚಪ್ಪಲಿ ಬಿಚ್ಚುವಷ್ಟರಲ್ಲಿ ತೀರ್ಮಾನಿಸಿದ್ದ.