ಗುಂಡಿ ಒತ್ತಿದರೆ ಗುಂಡಿ

ಕಲ್ಲು ಕ್ವಾರಿಯ ಸರ್ವೆಯರ್ ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಅದರಲ್ಲೂ ನಮ್ಮ ಕ್ವಾರಿಗೆ ನಕ್ಷೆ ಬರೆಯುವ ಸಾಫ್ಟ್‌ವೇರ್ ಬಂದ ಮೇಲೆ ವಾರಕ್ಕೊಂದು ನಗು ತಪ್ಪಿಲ್ಲ.

ಹುಣಸೂರಿನಿಂದ ಪಿರಿಯಾಪಟ್ಟಣದ ದಾರಿ ಹಿಡಿದು ಒಳಕ್ಕೆ ತಿರುಗಿದರೆ ನಮ್ಮ ಕ್ವಾರಿ. ಬಂಡೆಯನ್ನು ಬ್ಲಾಕುಗಳಾಗಿ ವಿಂಗಡಿಸಿ, ಒಂದೊಂದು ಬ್ಲಾಕನ್ನೂ ಮೆಟ್ಟಿಲು ಮೆಟ್ಟಿಲಾಗಿ ಅಗೆಯುತ್ತ ಕೆಳಗಿಳಿದರೆ ಹೊಂಡ ಎಲ್ಲಿಗೆ ಬರುತ್ತದೆ ಎಂದು ನಕ್ಷೆಯಲ್ಲಿ ಗೆರೆ ಎಳೆಯುವುದು ನನ್ನ ಕೆಲಸ. ಅದಕ್ಕೆ ಎಂಟು ದಿನ ಹಿಡಿಯುತ್ತಿತ್ತು. "ಇನ್ಮೇಲೆ ಒಂದು ಗುಂಡಿ ಒತ್ತಿದ್ರೆ ಸಾಕು," ಎಂದ ಸಾಫ್ಟ್‌ವೇರ್ ಮಾರಲು ಬಂದಾತ. ಯಜಮಾನರು ನನ್ನ ಕಡೆ ತಿರುಗಿ ನೋಡಿದರು. ಬೇರೆ ಕೆಲಸ ಹುಡುಕಿಕೋ ಎಂಬಂತಿತ್ತು ಆ ನೋಟ.

ಆಕಾಶಕ್ಕೆ

ಮೊದಲ ದಿನ ಆತ ಗುಂಡಿ ಒತ್ತಿದ. ಪರದೆಯ ಮೇಲೆ ಬ್ಲಾಕುಗಳೆಲ್ಲ ಕೆಳಗಿಳಿಯುವ ಬದಲು ಸಾಲಾಗಿ ಮೇಲಕ್ಕೆದ್ದು ನಿಂತವು. ಆಳದ ಅಂಕಿಗೆ ಮೈನಸ್ ಹಾಕುವುದನ್ನು ಮರೆತಿದ್ದ.

"ಗುಂಡಿ ತೋಡು ಅಂದ್ರೆ ಗೋಪುರ ಕಟ್ಟೈತಲ್ಲಪ್ಪ," ಎಂದರು ಯಜಮಾನರು.

"ಏನಿಲ್ಲ ಸಾರ್, ತಲೆಕೆಳಗು ಮಾಡಿದ್ರೆ ಸರಿಹೋಗುತ್ತೆ," ಎಂದ ಆತ.

ಯಜಮಾನರು ಲ್ಯಾಪ್‌ಟಾಪನ್ನೇ ಎತ್ತಿ ತಲೆಕೆಳಗಾಗಿ ಹಿಡಿದರು. ಸ್ವಲ್ಪ ಹೊತ್ತು ನೋಡಿ ನನಗೆ ಹೇಳಿದರು: "ನೋಡು, ಸರಿಹೋಯ್ತು. ನೀನು ಎಂಟು ದಿನ ತಗೋತಿದ್ದೆ."

ಹದಿನೇಳನೇ ಬ್ಲಾಕು

ಮಾರನೇ ವಾರ ಬಣ್ಣದ ನಕ್ಷೆ ಬಂತು. ಮೊದಲು ಒಡೆಯಬೇಕಾದದ್ದು ಹದಿನೇಳನೇ ಬ್ಲಾಕು, ಕೆಂಪು ಬಣ್ಣ. ನಮ್ಮ ಮೇಸ್ತ್ರಿ ನಕ್ಷೆ ಹಿಡಿದುಕೊಂಡು ಕ್ವಾರಿಗೆ ಇಳಿದವರು ಅರ್ಧ ಗಂಟೆಯಲ್ಲೇ ವಾಪಸ್ ಬಂದರು.

"ಬ್ಲಾಕ್ ಇಲ್ಲ ಸಾ."

"ಸರಿಯಾಗಿ ನೋಡ್ರಿ. ಕಂಪ್ಯೂಟರ್ ಸುಳ್ಳು ಹೇಳ್ತದಾ?" ಎಂದರು ಯಜಮಾನರು.

"ನೋಡ್ದೆ ಸಾ. ಅದು ಓದ್ವರ್ಸವೇ ಜಲ್ಲಿಯಾಗಿ ಕೆ.ಆರ್. ನಗರಕ್ಕೆ ಓಯ್ತು. ಈಗ ಅಲ್ಲಿ ಬರೀ ಗಾಳಿ ಐತೆ. ಮದ್ದು ಇಕ್ಕಿ ಅಂದ್ರೆ ಇಕ್ತೀನಿ."

ಹೊಸ ಅಳತೆ ಹಾಕದೆ ಹಳೇ ಸರ್ವೆಯ ಮೇಲೇ ಗುಂಡಿ ಒತ್ತಿದ್ದರು. ಯಜಮಾನರು ಯೋಚಿಸಿ, "ಹಾಗಾದ್ರೆ ಒಂದು ಕೆಲಸ ಮುಗೀತು ಅಂತ ಬರ್ಕೊ," ಎಂದರು.

ಗೂಟ

ಇನ್ನೊಂದು ಸಲ ನಕ್ಷೆಯಲ್ಲಿ ಹೊಂಡದ ಗೋಡೆಯ ಇಳಿಜಾರು ಉಲ್ಟಾ ಆಯಿತು. ಕೆಳಗೆ ಹೋದಂತೆ ಕಿರಿದಾಗಬೇಕಾದ ಹೊಂಡ ಅಗಲವಾಗುತ್ತಾ ಹೋಗಿ, ಪಕ್ಕದ ಹೊಲದಲ್ಲಿ ಒಬ್ಬ ಅಜ್ಜಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಅಡಿಗೇ ನುಗ್ಗಿತು. ನಾನು ಬೇಡವೆಂದರೂ ಕೇಳದೆ ಯಜಮಾನರು ಅಜ್ಜಿಯ ಹೊಲದಲ್ಲೆಲ್ಲ ಸುಣ್ಣ ಬಳಿದ ಗೂಟ ಹೊಡೆಸಿದರು. ಬೆಳಿಗ್ಗೆ ನೋಡಿದರೆ ಒಂದೂ ಇಲ್ಲ.

ಕೇಳಲು ಹೋಗಿದ್ದು ನಾನು. ಅಜ್ಜಿ ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿತು. ಅವರೆ ಬಳ್ಳಿಗಳನ್ನು ನಮ್ಮ ಗೂಟಗಳಿಗೆ ಆಗಲೇ ಹಬ್ಬಿಸಿ ಆಗಿತ್ತು.

"ನಿಮ್ ಕಂಪ್ಯೂಟರ್‌ಗೆ ಯೋಳಪ್ಪ, ಇನ್ನೊಂದತ್ತು ಬೇಕು ಅಂತ. ಹೀರೆ ಬಳ್ಳಿ ಬಾಕಿ ಅದೆ."

ಸಹಿ

ಕೊನೆಗೆ ನಕ್ಷೆ ನೋಡಿ ಒಪ್ಪಿಗೆ ಕೊಡುವ ಸಾಹೇಬರು ಬಂದರು. ನಾನು ಕೈಯಲ್ಲಿ ಬರೆದಿದ್ದ ನಕ್ಷೆಯನ್ನು ಮೂರು ಸಲ ವಾಪಸ್ ಕಳಿಸಿದವರು ಇವರೇ. ಒಮ್ಮೆ ಗೆರೆ ದಪ್ಪವಾಯಿತೆಂದು, ಒಮ್ಮೆ ತೆಳುವಾಯಿತೆಂದು. ಮೂರನೇ ಸಲ ಕಾರಣವನ್ನೇ ಹೇಳಿರಲಿಲ್ಲ. ಈ ಸಲ ಬಣ್ಣದ ಹಾಳೆ ಕಂಡವರೇ ಪೆನ್ನು ತೆಗೆದರು.

"ಸಾರ್, ಇದ್ರಲ್ಲಿ ಲಾರಿ ಇಳಿಯೋಕೆ ರಸ್ತೆನೇ ಇಲ್ಲ," ಎಂದೆ. ನಿಜಕ್ಕೂ ಇರಲಿಲ್ಲ. ಸುತ್ತ ನಾಲ್ಕು ಕಡೆಯೂ ಬರೀ ಗೋಡೆ.

"ಕಂಪ್ಯೂಟರ್ ಬಿಟ್ಟಿದೆ ಅಂದ್ರೆ ಏನೋ ಕಾರಣ ಇರುತ್ತೆ ಕಣ್ರೀ," ಎಂದು ಸಹಿ ಹಾಕಿ, ಸೀಲು ಒತ್ತಿದರು.

ನಕ್ಷೆ ಮೇಸ್ತ್ರಿಯ ಕೈಗೆ ಹೋಯಿತು. ಅವರು ಅದನ್ನು ನಾಲ್ಕು ದಿಕ್ಕಿಗೂ ತಿರುಗಿಸಿ ನೋಡಿದರು.

"ಇಳಿಯಾದೆಂಗೆ ಸಾ?"

"ಅದೆಲ್ಲ ಕೇಳಂಗಿಲ್ಲ. ಸಹಿ ಆಗಿದೆ," ಎಂದರು ಯಜಮಾನರು.

ಮೇಸ್ತ್ರಿ ನಕ್ಷೆಯನ್ನು ಮಡಚಿ, ಕಾಫಿ ಕುಡಿಯುತ್ತಿದ್ದ ಸಾಹೇಬರ ಕಡೆ ಕೈ ತೋರಿಸಿದರು.

"ಆಯ್ತು ಬುಡಿ. ಮೊದ್ಲು ಸಾಯೇಬ್ರುನ್ನ ಅಗ್ಗದಲ್ಲಿ ಕಟ್ಟಿ ಇಳುಸ್ಬುಡವ. ಅವ್ರು ಎಲ್ಲಿಂದ ಮ್ಯಾಕ್ಕೆ ಅತ್ತಿ ಬತ್ತಾರೋ, ಅಲ್ಲೇ ರಸ್ತೆ ಕಡೀತೀನಿ."