ಮುಳ್ಳುಹಂದಿಯ ಮುಳ್ಳು, ಮಾವನ ಉದ್ದೇಶ

ನನ್ನ ಸೋದರಮಾವ ನೈರೋಬಿಯಲ್ಲಿ ಈವರೆಗೆ ಎರಡು ಕಳ್ಳತನ, ಒಂದು ಅತಿಕ್ರಮ ಪ್ರವೇಶ ಮತ್ತು ಒಂದು ಮಗುವಿನ ಅಪಹರಣ ಮಾಡಿದ್ದಾರೆ. ಗಾಬರಿಯಾಗಬೇಡಿ! ನಾಲ್ಕರಲ್ಲೂ ಅವರು ನಿರ್ದೋಷಿ. ತೀರ್ಪು ಕೊಟ್ಟವರು ಯಾರು ಅಂತೀರಾ? ಅವರೇ!

ಮಾವ ಇಲ್ಲಿನ ಒಂದು ಔಷಧ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷಗಳಿಂದ ಕ್ವಾಲಿಟಿ ಮ್ಯಾನೇಜರ್. ಮೈಸೂರಿನಲ್ಲಿದ್ದಾಗ ಸಂಜೆ ಕಾಲೇಜಿಗೆ ಹೋಗಿ ಕಾನೂನು ಓದಿದ್ದರಂತೆ. ಕರಿಕೋಟು ಹಾಕಲಿಲ್ಲ, ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ. ಓದಿದ್ದೆಲ್ಲ ಮರೆತು ಒಂದೇ ಒಂದು ಪಾಠ ಮಾತ್ರ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ: ಕೃತ್ಯ ನಡೆದರಷ್ಟೇ ಅಪರಾಧವಾಗುವುದಿಲ್ಲ, ಮಾಡುವವನಿಗೆ ಆ ಉದ್ದೇಶವೂ ಇರಬೇಕು. ಮರೆವಿನ ಮನುಷ್ಯನಿಗೆ ಇದಕ್ಕಿಂತ ಅನುಕೂಲದ ಪಾಠ ಇನ್ನೇನಿದೆ ಹೇಳಿ! ದೇವಸ್ಥಾನದಿಂದ ಯಾರದೋ ಹೊಸ ಚಪ್ಪಲಿ ಮೆಟ್ಟಿಕೊಂಡು ಬಂದರೂ, ಆಫೀಸಿನಿಂದ ಯಾರದೋ ಛತ್ರಿ ತಂದರೂ ಅವರ ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ.

ಅತಿಕ್ರಮ ಪ್ರವೇಶ ನಡೆದದ್ದು ನ್ಗಾರಾ ಮಾರುಕಟ್ಟೆಯಲ್ಲಿ. ಈ ಊರಿನಲ್ಲಿ ಕಲ್ಲು ಎಸೆದರೆ ಬಿಳಿ ಕಾರಿಗೇ ಬೀಳಬೇಕು, ಅಷ್ಟೊಂದು ಬಿಳಿ ಕಾರುಗಳು! ಮಾವ ತರಕಾರಿ ಕೊಂಡು, ಎದುರಿಗೆ ಕಂಡ ಬಿಳಿ ಕಾರನ್ನು ತಮ್ಮದೇ ಎಂದುಕೊಂಡು ಹಿಂದಿನ ಸೀಟಿನಲ್ಲಿ ಕೂತು, ಕೊತ್ತಂಬರಿ ಕಟ್ಟನ್ನು ಪಕ್ಕದಲ್ಲಿಟ್ಟು, "ಟ್ವೆಂಡೆ, ಹೊರಡಪ್ಪ" ಎಂದು ಕಣ್ಣು ಮುಚ್ಚಿದರು. ಮುಂದಿನ ಸೀಟಿನಲ್ಲಿದ್ದ ಯಾರೋ ಅಜ್ಜಿ ಕಿಟಾರನೆ ಕಿರುಚಿಕೊಂಡಳು. ಮಾವ ಹತ್ತು ಸಲ "ಪೋಲೆ" ಎಂದು ಕ್ಷಮೆ ಕೇಳಿ ಇಳಿದು, ಮನೆಗೆ ಬಂದು ವಾದ ಶುರು ಮಾಡಿದರು.

"ಪ್ರವೇಶ ಮಾಡಿದ್ದು ನಿಜ, ಒಪ್ತೀನಿ. ಆದ್ರೆ ಉದ್ದೇಶ ಏನಿತ್ತು? ಮನೆಗೆ ಬರೋದು! ಅದು ಅಪರಾಧಾನಾ?"

"ಅದೆಲ್ಲ ಸರಿ, ಕೊತ್ತಂಬರಿ ಎಲ್ಲಿ?" ಎಂದರು ಮಾವನ ಹೆಂಡತಿ, ನಮ್ಮತ್ತೆ.

ಅದು ಆ ಅಜ್ಜಿಯ ಜೊತೆ ಹೋಗಿತ್ತು.

ಅಪಹರಣದ ಕತೆಯಂತೂ ಇನ್ನೂ ದೊಡ್ಡದು. ಡ್ಯಾನ್ಸ್ ಕ್ಲಾಸಿನಿಂದ ನನ್ನ ಮಗಳನ್ನು ಕರೆತನ್ನಿ ಎಂದು ಕಳಿಸಿದರೆ, ಅದೇ ಬಣ್ಣದ ಲಂಗ ತೊಟ್ಟ ಬೇರೆ ಯಾರದೋ ಮಗಳನ್ನು ಕೈಹಿಡಿದು ಮನೆಗೆ ತಂದಿದ್ದಾರೆ! ಆ ಮಗು ಸೋಫಾದ ಮೇಲೆ ಕೂತು ಆರಾಮವಾಗಿ ಚಕ್ಕುಲಿ ತಿನ್ನುತ್ತಿತ್ತು.

"ಐ ಟೋಲ್ಡ್ ಹಿಮ್, ಆಂಟಿ. ಹೀ ಸೆಡ್ ಓಕೆ ಓಕೆ" ಎಂದಿತು ಮಗು.

ಮಗುವಿನ ತಾಯಿಗೆ ಫೋನ್ ಮಾಡಿ ಮತ್ತೆ ಮತ್ತೆ ಕ್ಷಮೆ ಕೇಳಿದೆ; ನನ್ನ ಮಗಳು ಇನ್ನೂ ಕ್ಲಾಸಿನಲ್ಲೇ ಕಾಯುತ್ತಿದ್ದಳು! ಮಾವ ಮಾತ್ರ ಮಗುವಿಗೆ ಇನ್ನೊಂದು ಚಕ್ಕುಲಿ ಕೊಡುತ್ತಾ, "ಅಪಹರಣ ಮಾಡೋನು ಚಕ್ಕುಲಿ ಕೊಡ್ತಾನೇನೇ?" ಎಂದರು. ಅಯ್ಯೋ ರಾಮ, ಅಪಹರಿಸುವವರು ಮಕ್ಕಳನ್ನು ಕರೆದೊಯ್ಯುವುದೇ ತಿಂಡಿ ಕೊಟ್ಟಲ್ಲವೇ!

ಇಷ್ಟೆಲ್ಲ ಖುಲಾಸೆ ಮಾಡುವ ನ್ಯಾಯಾಧೀಶರು ಮಹಾ ಉದಾರಿ ಎಂದುಕೊಂಡಿರಾ? ನನ್ನ ಗಂಡನನ್ನು ಕೇಳಿ ನೋಡಿ. ಯುಗಾದಿಯ ದಿನ ತಟ್ಟೆಯಲ್ಲಿ ಉಳಿದಿದ್ದ ಕೊನೆಯ ಹೋಳಿಗೆಯ ಕಡೆಗೆ ಪಾಪ, ಆತ ಕೈಯನ್ನು ಅರ್ಧದಷ್ಟು ಚಾಚಿದ್ದ. "ಪ್ರಯತ್ನ! ಉದ್ದೇಶ ಮುಖದಲ್ಲೇ ಕಾಣ್ತಿದೆ. ಪ್ರಯತ್ನಕ್ಕೂ ಶಿಕ್ಷೆ ಇದೆ ಕಣಯ್ಯ" ಎಂದು ಮಾವ ಆ ಹೋಳಿಗೆಯನ್ನು ಮುಟ್ಟುಗೋಲು ಹಾಕಿಕೊಂಡು ತಾವೇ ತಿಂದುಬಿಟ್ಟರು.

ಹೀಗೆ ಸಾಗಿದ್ದ ನಮ್ಮ ನಗು ನಿಂತದ್ದು ನನ್ನ ಎರಡನೆಯ ಬಸಿರಿನಲ್ಲಿ. ಮೊದಲನೆಯ ಸಲ ಆಗದಿದ್ದ ಸೀಮಂತವನ್ನು ಈ ಸಲ ಮಾಡಲೇಬೇಕೆಂದು ಅತ್ತೆ ಹಟ ಹಿಡಿದರು. ಪುರೋಹಿತರು ವಾಟ್ಸಾಪಿನಲ್ಲಿ ಪಟ್ಟಿ ಕಳಿಸಿದರು. ಅತ್ತಿಕಾಯಿ, ದರ್ಭೆ, ಆಮೇಲೆ ಗಂಡ ಹೆಂಡತಿಯ ಬೈತಲೆ ತೆಗೆಯಲು ಮುಳ್ಳುಹಂದಿಯ ಮುಳ್ಳು. ಮುಳ್ಳುಹಂದಿಯ ಮುಳ್ಳೇ! ಅದನ್ನು ಯಾವ ಅಂಗಡಿಯಲ್ಲಿ ಕೇಳುವುದು?

ಕೇಳಬೇಕಾಗಲೇ ಇಲ್ಲ. ಕಾಡಿಗೆ ತಾಗಿಕೊಂಡ ಲಂಗಾಟಾದ ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿ ವಾಕಿಂಗ್ ಹೋದಾಗ ಬೇಲಿಯ ಬುಡದಲ್ಲಿ ಕಪ್ಪು ಬಿಳುಪಿನ ಉದ್ದನೆಯ ಮುಳ್ಳೊಂದು ನನ್ನ ಕಣ್ಣಿಗೆ ಬಿತ್ತು. ದೇವರೇ ಕಳಿಸಿದ ಎಂದು ಕಣ್ಣಿಗೊತ್ತಿಕೊಂಡು ಕೈಚೀಲಕ್ಕೆ ಹಾಕಿಕೊಂಡೆ.

ಮರುದಿನ ಬೆಳಿಗ್ಗೆ ಏಳನೆಯ ತಿಂಗಳ ಸ್ಕ್ಯಾನಿಂಗಿಗೆ ಊರ ನಡುವಿನ ಸಿಬಿಡಿಗೆ ಹೋಗಬೇಕಿತ್ತು. ಗಂಡನಿಗೆ ಮೀಟಿಂಗು, ಹಾಗಾಗಿ ಮಾವ ಜೊತೆಗೆ ಬಂದರು. ಕಟ್ಟಡದ ಬಾಗಿಲಲ್ಲಿ ಎಂದಿನಂತೆ ಕಾವಲುಗಾರ ಚೀಲ ತೆರೆಸಿದ. ಮುಳ್ಳನ್ನು ಎತ್ತಿ ಹಿಡಿದ. ಪಕ್ಕದಲ್ಲೇ ನಿಂತಿದ್ದ ಪೊಲೀಸಿನವನನ್ನು ಕರೆದ.

"ಮ್ಯಾಡಂ, ಕಾಡುಪ್ರಾಣಿಯ ಅಂಗ ಇಟ್ಟುಕೊಳ್ಳೋಕೆ ಪರ್ಮಿಟ್ ಬೇಕು. ನಿಮ್ಮ ಹತ್ತಿರ ಇದೆಯಾ?"

ಅಂಗವೇ? ತಾನಾಗಿ ಉದುರಿದ ಒಂದು ಮುಳ್ಳು! ಬಿದ್ದಿದ್ದೇ ಆಗಲಿ, ಕಿತ್ತಿದ್ದೇ ಆಗಲಿ, ಇಟ್ಟುಕೊಂಡರೆ ಅಪರಾಧ, ಠಾಣೆಗೆ ನಡೆಯಿರಿ ಎಂದನಾತ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಾವನ ಮುಖ ನೋಡಿದೆ. ಜೀವಮಾನವೆಲ್ಲ ಚಪ್ಪಲಿ, ಛತ್ರಿಗಳ ಮೇಲೆ ಮಸೆದಿಟ್ಟ ವಾದ ಈಗಲ್ಲದೆ ಇನ್ಯಾವಾಗ ಹೊರಬರಬೇಕು? ನಮ್ಮ ಹುಡುಗಿಗೆ ಉದ್ದೇಶವೇ ಇರಲಿಲ್ಲ ಎಂದು ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ.

ಮಾವ ಮುಂದೆ ಬಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದರು. "ಚೀಲ ಇವಳದು, ಮುಳ್ಳು ನನ್ನದು. ಇವಳಿಗೆ ಕಾಣದ ಹಾಗೆ ನಾನೇ ಹಾಕಿದೆ. ಏನು ಅಂತ ಗೊತ್ತಿದ್ದೇ ಹಾಕಿದೆ."

"ಅಲ್ಲ ಮಾವ, ಅದು ನಾನು..."

"ಬಾಯಿ ಮುಚ್ಚು!" ಎಂದರು ಕನ್ನಡದಲ್ಲಿ. ಹುಟ್ಟಿದಾಗಿನಿಂದ ನನ್ನ ಮೇಲೆ ಒಂದು ಸಲವೂ ದನಿ ಏರಿಸದ ಮನುಷ್ಯ! ಬೆಚ್ಚಿಬಿದ್ದು ಬಾಯಿ ಮುಚ್ಚಿದೆ. ಮುಚ್ಚಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅವರನ್ನು ಕರೆದುಕೊಂಡು ಹೋದರು. ಗಂಡ ಓಡಿಬಂದ, ಅತ್ತೆ ಬಂದರು. ಠಾಣೆಯ ಹೊರಗಿನ ಬೆಂಚಿನ ಮೇಲೆ ಕೂತೆವು. ಕೇಸಾದರೆ ಕೆಲಸ ಹೋಗುತ್ತದೆ, ದೇಶ ಬಿಡಿ ಎನ್ನುತ್ತಾರೆ, ಇಪ್ಪತ್ತು ವರ್ಷದ ಬದುಕನ್ನು ಒಂದು ಮುಳ್ಳಿನ ದೆಸೆಯಿಂದ ನಾನೇ ಹಾಳು ಮಾಡಿದೆನಲ್ಲ ಎಂದು ನನ್ನನ್ನೇ ಶಪಿಸಿಕೊಂಡೆ. ಅತ್ತೆ ನನ್ನ ಬೆನ್ನು ಸವರುತ್ತಿದ್ದರು.

ಮಧ್ಯಾಹ್ನ ಕಳೆದ ಮೇಲೆ ಅಧಿಕಾರಿಣಿಯೊಬ್ಬರು ಹೊರಗೆ ಬಂದರು. "ನಿಮ್ಮ ಹಿರಿಯರು ವಿಚಿತ್ರ ಮನುಷ್ಯ. ಇಲ್ಲಿಗೆ ಬಂದವರೆಲ್ಲ ನನಗೇನೂ ಗೊತ್ತಿರಲಿಲ್ಲ ಅಂತಾರೆ. ಗೊತ್ತಿತ್ತು, ಗೊತ್ತಿತ್ತು ಅಂತ ಮೂರು ಗಂಟೆ ಹೊತ್ತು ಹಟ ಮಾಡಿದವರನ್ನು ಇವತ್ತೇ ನೋಡಿದ್ದು. ಯಾಕೆ ಬೇಕಿತ್ತು ಅಂದ್ರೆ ಬಸುರಿಗೆ ತಲೆ ಬಾಚೋಕೆ ಅಂತಾರೆ!" ಎಂದು ನನ್ನ ಹೊಟ್ಟೆಯನ್ನೂ ಮುಖವನ್ನೂ ಒಂದು ಗಳಿಗೆ ನೋಡಿದರು. ಆಕೆಗೆ ಎಲ್ಲ ಅರ್ಥವಾಗಿತ್ತೆಂದು ನನಗೆ ಅನ್ನಿಸಿತು. ಮುಳ್ಳನ್ನು ವಶಪಡಿಸಿಕೊಂಡು, ಹೇಳಿಕೆ ಬರೆಸಿಕೊಂಡು, ಎಚ್ಚರಿಕೆ ಕೊಟ್ಟು ಬಿಟ್ಟಿದ್ದರು.

ಮಾವ ಹೊರಗೆ ಬಂದರು. ಒಳಗೆ ಬೆಲ್ಟನ್ನೂ ಬೂಟಿನ ಲೇಸುಗಳನ್ನೂ ಬಿಚ್ಚಿಸಿದ್ದರು. ಒಂದು ಕೈಯಲ್ಲಿ ಪ್ಯಾಂಟು ಹಿಡಿದು, ಇನ್ನೊಂದರಲ್ಲಿ ಲೇಸು ಹಿಡಿದು, ಸಡಿಲ ಬೂಟು ಎಳೆಯುತ್ತಾ ನಡೆದು ಬಂದ ಅವರನ್ನು ನೋಡಿ ನನಗೆ ಅಳು ತಡೆಯಲಾಗಲಿಲ್ಲ.

"ಯಾಕೆ ಮಾವ ಸುಳ್ಳು ಹೇಳಿದ್ರಿ? ನನಗೆ ಉದ್ದೇಶ ಇರ್ಲಿಲ್ಲ ಅಂತ ಹೇಳಬಹುದಿತ್ತಲ್ಲ?"

"ಹೇಳಬಹುದಿತ್ತು ಪುಟ್ಟಿ. ಆದ್ರೆ ಅದನ್ನ ಕೇಳೋದು ಜಡ್ಜು, ಬಾಗಿಲಲ್ಲಿ ನಿಂತ ಪೊಲೀಸಿನವನಲ್ಲ. ಅಲ್ಲಿವರೆಗೂ ಯಾರಾದ್ರೂ ಒಬ್ಬರು ಒಳಗೆ ಕೂರಲೇಬೇಕಿತ್ತು." ಬೆಂಚಿನ ಮೇಲೆ ಕುಸಿದು ಕೂತರು. "ನೀನು ಹೋಗಿದ್ರೆ ಇಬ್ಬರು ಒಳಗೆ ಹೋಗ್ತಿದ್ರಿ. ಅದರಲ್ಲಿ ಒಂದು ಇನ್ನೂ ಕಣ್ಣೇ ಬಿಟ್ಟಿಲ್ಲ."

ಲೇಸು ಪೋಣಿಸಿಕೊಳ್ಳಲು ಹೋದರು. ಬೆರಳುಗಳು ಎಷ್ಟು ನಡುಗುತ್ತಿದ್ದವೆಂದರೆ ಒಂದು ತೂತಿಗೂ ದಾರ ಹೋಗಲಿಲ್ಲ. ಅಷ್ಟೂ ಹೊತ್ತು ಅವರು ಎಷ್ಟು ಹೆದರಿದ್ದರೆಂದು ಆಗ ತಿಳಿಯಿತು. ನಾನು ಗಂಡನ ಭುಜ ಹಿಡಿದುಕೊಂಡು ಮೆಲ್ಲಗೆ ನೆಲದ ಮೇಲೆ ಕೂತೆ. ಅವರ ಪಾದವನ್ನು ತೊಡೆಯ ಮೇಲೆಳೆದುಕೊಂಡು ಲೇಸು ಪೋಣಿಸತೊಡಗಿದೆ.

"ಏಯ್, ಬಗ್ಗಬೇಡ ಕಣೇ, ಹೊಟ್ಟೇಲಿ ಮಗು!" ಎಂದು ಮಾವ ಕೂಗಿದರು.

ನಾನು ಕೇಳಲಿಲ್ಲ. ಎರಡೂ ಬೂಟುಗಳನ್ನು ಬಿಗಿಯಾಗಿ ಕಟ್ಟಿದ ಮೇಲೇ ಎದ್ದೆ.